ಲಿನಕ್ಸ್ ಬೂಟ್ ಆಗಲಿಲ್ಲ ಅಂತ ಹಾರ್ಡ್ ಡಿಸ್ಕ್ ಬಿಚ್ಚಿ ಕೊಡಬೇಡಿ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿ ಬ್ಯಾನರು, ಮಂಡಿಪೇಟೆ ಅಂಗಡಿಗಳ ಬಿಲ್ ಬುಕ್ಕು ಇಂಥವು. 6 ವರ್ಷದಿಂದ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ. ವೈರಸ್ ಕಾಟ ತಪ್ಪಲಿ ಅಂತ ಹಾಕಿದ್ದು. ಗಿರಾಕಿಗಳು ತರುವ ಪೆನ್‌ಡ್ರೈವ್‌ನಲ್ಲಿ ಏನೇನಿರುತ್ತದೆ ಅಂತ ಡಿಟಿಪಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೋದ ಏಪ್ರಿಲ್, ಮದುವೆ ಸೀಸನ್. ಅಂಗಡಿ ಮುಚ್ಚುವ ಹೊತ್ತಿಗೆ ಅಪ್‌ಡೇಟ್ ಕೇಳಿತು, ಒತ್ತಿದೆ. ಅದರಲ್ಲಿ ಹೊಸ ಕರ್ನಲ್ಲೂ (ಲಿನಕ್ಸಿನ ತಿರುಳು ಭಾಗ) ಇತ್ತು. ಇನ್ನೂ ಅರ್ಧವಾಗಿರಲಿಲ್ಲ, ಗಾಳಿ ಎದ್ದು ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಬದಲಿಸೋಣ, ಬದಲಿಸೋಣ ಅಂತ ಒಂದು ವರ್ಷ ದೂಡಿದ್ದೆ. ಅದು ನಾಲ್ಕು ಸಲ ಕೀ ಅಂದು ಮಲಗಿತು.

ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ತುಂಬ ಬಿಳಿ ಅಕ್ಷರ. ಕೊನೆಯಲ್ಲಿ ‘ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)’. ಫೋನಿನಲ್ಲಿ ಫೋಟೊ ಹೊಡೆದುಕೊಂಡೆ. ಅವತ್ತು ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು. ಆಮೇಲೆ ಸಿಪಿಯುವನ್ನು ಸ್ಕೂಟರ್ ಮುಂದೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಯಾವ ಅಂಗಡಿ ಅಂತ ಬರೆಯುವುದಿಲ್ಲ. ಅಲ್ಲಿದ್ದ ಹುಡುಗ ಮೋಸಗಾರನಲ್ಲ, ಲಿನಕ್ಸ್ ನೋಡಿದವನಲ್ಲ ಅಷ್ಟೇ.

ಅವನು ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್‌ನಲ್ಲಿ ತನ್ನ ವಿಂಡೋಸ್ ಮಷೀನ್‌ಗೆ ಸಿಕ್ಕಿಸಿದ. ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಅಂತ ಒಂದು ಬಾಕ್ಸ್ ಬಂತು. ‘ಅಣ್ಣಾ, ನಿಮ್ ಡಿಸ್ಕ್ ಹೋಗೇತಿ. ಫಾರ್ಮ್ಯಾಟ್ ಹೊಡದು ಆಮ್ಯಾಲೆ ರಿಕವರಿ ಸಾಫ್ಟ್‌ವೇರ್ ಹಾಕಿದ್ರೆ ಎಲ್ಲಾ ಬರ್ತೇತಿ’ ಅಂದ. ನಾನು ತಲೆ ಆಡಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇಲ್ಲೇ ಎಲ್ಲರೂ ಬೀಳುವುದು. ಲಿನಕ್ಸ್ ತನ್ನ ಡಿಸ್ಕನ್ನು ಸಾಮಾನ್ಯವಾಗಿ ಇಎಕ್ಸ್‌ಟಿ4 ಎಂಬ ವಿಧಾನದಲ್ಲಿ ಜೋಡಿಸಿಕೊಂಡಿರುತ್ತದೆ. ವಿಂಡೋಸ್‌ಗೆ ತಾನಾಗಿ ಅದನ್ನು ಓದಲು ಬರುವುದಿಲ್ಲ. ಓದಲು ಬಾರದ್ದನ್ನೆಲ್ಲ ಅದು ಫಾರ್ಮ್ಯಾಟ್ ಮಾಡಲೇ ಅಂತಲೇ ಕೇಳುವುದು. ಆರಾಮಾಗಿರುವ ಲಿನಕ್ಸ್ ಡಿಸ್ಕ್ ಸಿಕ್ಕಿಸಿದರೂ ಅದೇ ಬಾಕ್ಸ್ ಬರುತ್ತದೆ. ಕನ್ನಡದ ಕಡತ ಕೊಟ್ಟರೆ ಓದಲಾಗದೆ ‘ಇದು ಹಾಳಾಗಿದೆ, ಹರಿದು ಹಾಕಲೇ’ ಅನ್ನುವ ಗುಮಾಸ್ತನ ಹಾಗೆ.

ರಿಕವರಿಯಲ್ಲಿ ಅಂಗಡಿ ಹುಡುಗನಿಗೆ ಏನೂ ಸಿಗಲಿಲ್ಲ. ಡಿಸ್ಕ್ ಹಿಡಿದುಕೊಂಡು ಬಂದು, ಇಂಜಿನಿಯರಿಂಗ್ ಓದುವ ಅಕ್ಕನ ಮಗನಿಗೆ ಆ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು. ‘ಮಾಮಾ, ಡಿಸ್ಕ್ ಏನೂ ಆಗಿಲ್ಲ. ಫಾರ್ಮ್ಯಾಟ್ ಮಾಡ್ಸಿಲ್ಲ ಹೌದಿಲ್ಲೋ?’ ನಾನು ಸುಮ್ಮನಾದೆ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಕರ್ನಲ್ ಎದ್ದ ಕೂಡಲೇ ಡಿಸ್ಕನ್ನು ಹುಡುಕಿ ತೆರೆಯಬೇಕು. ಅದಕ್ಕೆ ಬೇಕಾದ ಸಾಮಾನು ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಫೈಲಿನಲ್ಲಿರುತ್ತದೆ, ಮಷೀನ್ ಆನ್ ಆದಾಗ ಕರ್ನಲ್ ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಂ ಅದನ್ನು ಕರ್ನಲ್ ಕೈಗೆ ಕೊಡುತ್ತದೆ. ಹೊಸ ಕರ್ನಲ್ ಬಂದಾಗ ಈ ಫೈಲೂ ಹೊಸದಾಗಿ ತಯಾರಾಗಬೇಕು. ಕರೆಂಟ್ ಹೋದದ್ದು ಆ ಹೊತ್ತಿಗೇ. ಗೋದಾಮಿನ ಬೀಗದ ಕೈ ಗೋದಾಮಿನೊಳಗೇ ಉಳಿದ ಕಥೆ: ಮಾಲು ಚೆನ್ನಾಗಿದೆ, ಬಾಗಿಲು ತೆಗೆಯಲಾಗುತ್ತಿಲ್ಲ.

ಹಳೆ ಕರ್ನಲ್ ಮಾತ್ರ ತನ್ನ ಬೀಗದ ಕೈ ಸಮೇತ ಪಕ್ಕದಲ್ಲೇ ಇತ್ತಂತೆ. ಹೊಸದು ಹಾಕುವಾಗ ಮಿಂಟ್ ಹಳೆಯದನ್ನು ತಕ್ಷಣ ಕಿತ್ತು ಹಾಕುವುದಿಲ್ಲ. ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀ (ಹಳೆ ಬಯಾಸ್ ಮಷೀನ್ ಆದರೆ ಶಿಫ್ಟ್) ಒತ್ತಿದರೆ ಗ್ರಬ್ ಮೆನು ಬರುತ್ತದೆ. ಗಾಬರಿಯಲ್ಲಿ ಎಸ್ಕೇಪ್ ಜಾಸ್ತಿ ಸಲ ಒತ್ತಿ ಬರೀ ‘ಗ್ರಬ್’ ಅಂತ ಬಂದು ನಿಂತರೆ ‘ನಾರ್ಮಲ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಮತ್ತೆ ಪ್ರಯತ್ನಿಸಬಹುದು. ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆ ನಂಬರಿನ ಕರ್ನಲ್ ಆರಿಸಿದರೆ ಮಷೀನ್ ಎದ್ದು ಕೂರುತ್ತದೆ. ಆಮೇಲೆ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಟರ್ಮಿನಲ್‌ನಲ್ಲಿ ಡಿಪಿಕೆಜಿ ಕಾನ್ಫಿಗರ್ ಕಮಾಂಡಿನಿಂದ ಪೂರ್ತಿ ಮಾಡಿಸಬೇಕು. ಹತ್ತು ನಿಮಿಷದ ಕೆಲಸ.

ಹಳೆ ಕರ್ನಲ್ಲೂ ಏಳದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಮಿಂಟಿನ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಮಿಂಟ್) ಮಾಡಿಸಿ ಅದರಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಐಕಾನ್ ಮುಟ್ಟಬೇಡಿ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿಸ್ಕ್ ಕಾಣುತ್ತದೆ, ಹೋಮ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ರಿಪೇರಿ ಏನಿದ್ದರೂ ಆಮೇಲೆ. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಪರದೆ ತುಂಬ ಐ/ಓ ಎರರ್ ಬರುತ್ತಿದ್ದರೆ ಆಗ ನಿಜಕ್ಕೂ ಡಿಸ್ಕಿನ ಮೇಲೆ ಅನುಮಾನ ಪಡಿ. ನನ್ನ ಡಿಸ್ಕನ್ನು ಅಕ್ಕನ ಮಗ ಪರೀಕ್ಷೆ ಮಾಡಿ ನೋಡಿದ, ಕೆಟ್ಟ ಸೆಕ್ಟರ್ ಒಂದೂ ಇರಲಿಲ್ಲ.

ಕೊನೆಗೆ ಅವನೇ ಫೋಟೊರೆಕ್ ಎಂಬ ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ರಾತ್ರಿ ಓಡಿಸಿದ. ಅದು ಫೋಲ್ಡರ್ ಪಟ್ಟಿ ನೋಡುವುದಿಲ್ಲ, ಒಂದೊಂದು ಜಾತಿಯ ಫೈಲೂ ಹೇಗೆ ಶುರುವಾಗುತ್ತದೆ ಅನ್ನುವ ಗುರುತು ಹಿಡಿದು ಡಿಸ್ಕನ್ನೆಲ್ಲ ಜಾಲಾಡುತ್ತದೆ. ಹಾಗಾಗಿ ಪಿಡಿಎಫ್, ಫೋಟೊ ಬಹಳಷ್ಟು ಬಂದವು, ಡಿಸೈನ್ ಮಾಡುವ ಇಂಕ್‌ಸ್ಕೇಪ್ ಸಾಫ್ಟ್‌ವೇರಿನ ಮೂಲ ಫೈಲುಗಳು ಅರ್ಧಂಬರ್ಧ. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಹಳೇ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಇಷ್ಟಾದರೂ ಬಂತು. ಎಸ್‌ಎಸ್‌ಡಿ ಆಗಿದ್ದರೆ, ಫಾರ್ಮ್ಯಾಟ್ ಜೊತೆಗೇ ಟ್ರಿಮ್ (ಖಾಲಿ ಅಂತ ಗುರುತಾದ ಜಾಗವನ್ನು ಅಳಿಸಲು ಡಿಸ್ಕಿಗೆ ಹೇಳುವ ಕ್ರಮ) ನಡೆದು ಇದೂ ಸಿಗದೇ ಹೋಗಬಹುದಿತ್ತು.

ಮೊನ್ನೆ ಹರಿಹರದ ಕಡೆಯ ಹಿರಿಯರೊಬ್ಬರು ಬಂದು, ‘ದೊಡ್ಡ ಮಗಳ ಪತ್ರಿಕೆ ನಿಮ್ಮ ಹತ್ರ ಐತಲ್ರಿ, ಹೆಸ್ರು ತಾರೀಖು ಬದ್ಲು ಮಾಡ್ರಿ ಸಾಕು’ ಅಂದರು. ಸ್ಟೂಲ್ ಕೊಟ್ಟು ಕೂರಿಸಿದೆ. ಇಬ್ಬರೂ ಕೂತು ನಂಬರಿನ ಫೈಲುಗಳನ್ನು ಒಂದೊಂದೇ ತೆರೆದೆವು. ಎಲ್ಲ ಯಾರ್ಯಾರದೋ ಮದುವೆ. ಎರಡು ಟೀ ಆದ ಮೇಲೆ ಅವರೇ ಎದ್ದು ಹೋದರು, ಮರುದಿನ ಮನೆಯಲ್ಲಿ ದೇವರ ಫೋಟೊ ಹಿಂದೆ ಇಟ್ಟಿದ್ದ ಹಳೇ ಪತ್ರಿಕೆ ತಂದುಕೊಟ್ಟರು. ನೋಡಿಕೊಂಡು ಮೊದಲಿನಿಂದ ಟೈಪ್ ಮಾಡಿದೆ.