ಲೈರಾಳ ಹೆತ್ತವರು: ಫಿಲಿಪ್ ಪುಲ್‌ಮನ್ ಅವರ ‘ನಾರ್ದರ್ನ್ ಲೈಟ್ಸ್’

ಹುಟ್ಟಿನ ಗುಟ್ಟನ್ನು ಕೊನೆಯವರೆಗೆ ಬಚ್ಚಿಟ್ಟು, ಅದು ಬಯಲಾದೊಡನೆ ಎಲ್ಲವನ್ನೂ ಸರಿಪಡಿಸಿಬಿಡುವ ಮಕ್ಕಳ ಕಾದಂಬರಿಗಳು ಬಹಳಷ್ಟಿವೆ. 1995ರಲ್ಲಿ ಪ್ರಕಟವಾಗಿ ಬ್ರಿಟನ್ನಿನ ಕಾರ್ನೆಗಿ ಪದಕ ಪಡೆದ ‘ನಾರ್ದರ್ನ್ ಲೈಟ್ಸ್’ ಆ ಹಾದಿ ಹಿಡಿಯುವುದಿಲ್ಲ. 23 ಅಧ್ಯಾಯಗಳ ಈ ಕೃತಿಯಲ್ಲಿ ಏಳನೆಯ ಅಧ್ಯಾಯಕ್ಕೇ ಲೈರಾಳಿಗೆ ತನ್ನ ತಂದೆತಾಯಿ ಯಾರೆಂದು ತಿಳಿಯುತ್ತದೆ. ಅವರು ಎಂಥವರೆಂದು ಅರಿಯಲು ಅವಳು ಉತ್ತರದ ಹಿಮದವರೆಗೂ ಹೋಗಬೇಕಾಗುತ್ತದೆ.

ಲೈರಾ ಆಕ್ಸ್‌ಫರ್ಡಿನ ಜೋರ್ಡನ್ ಕಾಲೇಜಿನಲ್ಲಿ ವಿದ್ವಾಂಸರ ಮತ್ತು ಆಳುಕಾಳುಗಳ ನಡುವೆ ಬೆಳೆದ ತುಂಟ ಹುಡುಗಿ. ಹೆತ್ತವರು ವಾಯುನೌಕೆಯ ಅಪಘಾತದಲ್ಲಿ ತೀರಿಕೊಂಡರೆಂದೂ ಲಾರ್ಡ್ ಆಸ್ರಿಯೆಲ್ ತನ್ನ ಚಿಕ್ಕಪ್ಪನೆಂದೂ ಅವಳು ನಂಬಿದ್ದಾಳೆ. ಅವಳ ಲೋಕದಲ್ಲಿ ಪ್ರತಿಯೊಬ್ಬರ ಆತ್ಮವೂ ಪ್ರಾಣಿರೂಪದ ‘ಡೀಮನ್’ ಆಗಿ ಮೈಯ ಹೊರಗೆ, ಪಕ್ಕದಲ್ಲೇ ಇರುತ್ತದೆ. ಮಕ್ಕಳ ಡೀಮನ್ ಬೇಕಾದಂತೆ ರೂಪ ಬದಲಿಸುತ್ತದೆ, ದೊಡ್ಡವರದು ಒಂದೇ ರೂಪದಲ್ಲಿ ನೆಲೆನಿಲ್ಲುತ್ತದೆ.

ಜೌಗುನಾಡಿನ ದೋಣಿವಾಸಿಗಳಾದ ಜಿಪ್ಶಿಯನ್ನರ ಒಡೆಯ ಜಾನ್ ಫಾ ಅವಳನ್ನು ಕೂರಿಸಿಕೊಂಡು ಸತ್ಯವನ್ನು ತಿಳಿಸುವ ಪ್ರಸಂಗ ನನಗೆ ಈ ಕಾದಂಬರಿಯ ಅತ್ಯುತ್ತಮ ಭಾಗವಾಗಿ ಕಂಡಿದೆ. ಆಸ್ರಿಯೆಲ್ ಚಿಕ್ಕಪ್ಪನಲ್ಲ, ತಂದೆ. ಮಕ್ಕಳ ಅಪಹರಣದ ಹಿಂದಿರುವ, ಕೆಲವೇ ದಿನಗಳ ಹಿಂದೆ ಯಾರ ಲಂಡನ್ ಮನೆಯಿಂದ ಲೈರಾ ಓಡಿಬಂದಿದ್ದಳೋ ಆ ಚೆಲುವೆ ಶ್ರೀಮತಿ ಕೋಲ್ಟರ್ ತಾಯಿ. ಇದರ ಬೆನ್ನಿಗೇ ಒಂದು ಕೊಲೆಯ ಕಥೆಯೂ ಇದೆ. ಆ ಹಿರಿಯ ಏನನ್ನೂ ಮರೆಮಾಚದೆ, ಹುಡುಗಿಗೆ ಕೇಳುವ ಹಕ್ಕಿದೆ ಎಂಬ ಗೌರವದಿಂದ ಎಲ್ಲವನ್ನೂ ಹೇಳುತ್ತಾನೆ. ಬಿಬಿಸಿ ಮತ್ತು ಎಚ್‌ಬಿಒ ಸೇರಿ ನಿರ್ಮಿಸಿದ ಧಾರಾವಾಹಿಯಲ್ಲಿ ಆಸ್ರಿಯೆಲ್ ಕುರಿತ ಸತ್ಯ ಕೋಲ್ಟರಳ ಬಾಯಿಂದಲೇ ಸಿಟ್ಟಿನ ಭರದಲ್ಲಿ ಹೊರಬೀಳುತ್ತದೆ. ನಾಟಕೀಯತೆ ಹೆಚ್ಚಿದರೂ ಮೂಲದ ಆ ಘನತೆ ಅಲ್ಲಿ ಉಳಿದಿಲ್ಲ.

ತಾಯಿ ಯಾರೆಂದು ತಿಳಿದ ಮೇಲೆ ಲಂಡನ್ನಿನ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಹೆಗಲಚೀಲವನ್ನು ತೆಗೆದಿಡಲು ಲೈರಾ ಒಪ್ಪದಿದ್ದಾಗ ಕೋಲ್ಟರ್ ಅವಳ ಮೈ ಮುಟ್ಟುವುದಿಲ್ಲ, ದನಿ ಏರಿಸುವುದಿಲ್ಲ. ಅವಳ ಡೀಮನ್ ಆದ ಹೊಂಬಣ್ಣದ ಕೋತಿ ಲೈರಾಳ ಡೀಮನ್ ಪ್ಯಾಂಟಲೈಮನ್‌ನನ್ನು ಹಿಡಿದು ಹಿಂಸಿಸುತ್ತದೆ, ನೋವಿನಿಂದ ಲೈರಾ ಅಳುತ್ತಾಳೆ. ಮನೆಯೊಳಗಿನ ಕ್ರೌರ್ಯ ಗಾಯದ ಗುರುತನ್ನೇ ಉಳಿಸದೆ ಹೇಗೆ ನಡೆಯುತ್ತದೆ ಎಂಬುದನ್ನು ಮಕ್ಕಳಿಗೆ ಅರ್ಥವಾಗುವಂತೆ ಇಷ್ಟು ನಿಖರವಾಗಿ ತೋರಿಸಿದ ಬರಹವನ್ನು ನಾನು ಬೇರೆಡೆ ಕಂಡಿಲ್ಲ.

ಹನ್ನೊಂದು ವರ್ಷಕ್ಕಿಂತ ಚಿಕ್ಕವರಿಗೆ ಇದನ್ನು ಕೊಡಲು ನಾನು ಹಿಂಜರಿಯುತ್ತೇನೆ. ಡೀಮನ್‌ನಿಂದ ಕತ್ತರಿಸಿ ಬೇರ್ಪಡಿಸಲಾದ ಬಾಲಕನೊಬ್ಬ ಅದರ ಬದಲಿಗೆ ಒಣಮೀನೊಂದನ್ನು ಎದೆಗವಚಿಕೊಂಡಿರುವ ಹನ್ನೆರಡನೆಯ ಅಧ್ಯಾಯ ದೊಡ್ಡವರ ನಿದ್ದೆಯನ್ನೂ ಕೆಡಿಸಬಲ್ಲದು. ಅವನು ಸತ್ತ ಮೇಲೆ ಆ ಮೀನನ್ನು ಯಾರೋ ನಾಯಿಗಳಿಗೆ ಹಾಕಿಬಿಟ್ಟಾಗ ಲೈರಾ ಕೆರಳುವ ಪರಿಯಲ್ಲಿ, ಹೆತ್ತವರಿಬ್ಬರಿಂದಲೂ ಬಾರದ ಕರುಣೆ ಅವಳಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಿಸುತ್ತದೆ.

ಕೊರತೆಗಳೂ ಇವೆ. ಇಡೀ ಕಥೆಯ ಕೀಲಿಯಾದ ‘ಧೂಳು’ ಎಂಬ ನಿಗೂಢ ಕಣಗಳ ವಿಚಾರವನ್ನು ಆಸ್ರಿಯೆಲ್ ಕೊನೆಯಲ್ಲಿ ಉದ್ದನೆಯ ಉಪನ್ಯಾಸದಂತೆ ವಿವರಿಸುತ್ತಾನೆ, ಘಟನೆಗಳ ಓಟ ಅಲ್ಲಿ ನಿಂತುಬಿಡುತ್ತದೆ. ಲೈರಾಳ ಲೋಕವನ್ನು ಹಿಡಿತದಲ್ಲಿಟ್ಟುಕೊಂಡಿರುವ ಧರ್ಮಸಂಸ್ಥೆಯ ಅಧಿಕಾರಿಗಳಲ್ಲಿ ಒಬ್ಬನಿಗಾದರೂ ಮನಸ್ಸಾಕ್ಷಿಯ ತೊಳಲಾಟವಿದ್ದಿದ್ದರೆ ಸಂಘರ್ಷ ಇನ್ನಷ್ಟು ಆಳವಾಗುತ್ತಿತ್ತು.

ಇಂಗ್ಲಿಷ್ ಸರಳವಾಗಿದ್ದರೂ ಕಲ್ಪಿತ ಲೋಕದ ಪದಗಳು ಮೊದಲ ಅಧ್ಯಾಯಗಳಲ್ಲಿ ತಡೆಯೊಡ್ಡಬಹುದು; ಅಂಥ ಮಕ್ಕಳಿಗೆ ಲೇಖಕರೇ ನಿರೂಪಿಸಿ, ಪಾತ್ರಗಳಿಗೆ ಬೇರೆ ಬೇರೆ ಕಲಾವಿದರು ದನಿ ನೀಡಿರುವ ಧ್ವನಿಪುಸ್ತಕ ನೆರವಾಗುತ್ತದೆ. ಅಮೆರಿಕದಲ್ಲಿ ಇದೇ ಕೃತಿ ‘ದ ಗೋಲ್ಡನ್ ಕಂಪಾಸ್’ ಎಂಬ ಹೆಸರಿನಲ್ಲಿ ಬಂದಿರುವುದರಿಂದ ಎರಡನ್ನೂ ಕೊಳ್ಳದಂತೆ ಗಮನಿಸಬೇಕು. ತಂದೆಯನ್ನು ತಲುಪಿದ ಲೈರಾಳಿಗೆ ಏನು ಕಾದಿದೆಯೆಂಬುದನ್ನು ಇಲ್ಲಿ ಹೇಳುವುದು ಸರಿಯಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲವಾದ್ದರಿಂದ, 1997ರಲ್ಲಿ ಬಂದ ಎರಡನೆಯ ಸಂಪುಟ ‘ದ ಸಟಲ್ ನೈಫ್’ ಅನ್ನೂ ಜೊತೆಗೇ ತಂದಿಟ್ಟುಕೊಳ್ಳುವುದು ಒಳ್ಳೆಯದು.