ಬಿಂಕದಕಟ್ಟಿಯೋ, ರಾಣೆಬೆನ್ನೂರೋ?

ಜೊತೆಗೆ ಸಣ್ಣ ಮಕ್ಕಳು, ಅಜ್ಜ-ಅಜ್ಜಿ ಇದ್ದರೆ ಗದಗಿನ ಬಿಂಕದಕಟ್ಟಿ ಮೃಗಾಲಯವನ್ನೇ ಆರಿಸಿ. ಅದು ಹುಬ್ಬಳ್ಳಿ ರಸ್ತೆಯಲ್ಲೇ ಇದೆ. ಹುಲಿ, ಸಿಂಹ, ಚಿರತೆ ಖಚಿತವಾಗಿ ಅಲ್ಲಿರುತ್ತವೆ, ಆದರೆ ಮಧ್ಯಾಹ್ನ ಹೋದವರಿಗೆ ಕಾಣುವುದು ನೆರಳಲ್ಲಿ ಮಲಗಿದ ಬೆನ್ನು ಮಾತ್ರ. ಬಾಗಿಲು ತೆರೆದ ಕೂಡಲೇ ಒಳಹೋಗಿ ಮೊದಲು ದೊಡ್ಡ ಬೆಕ್ಕುಗಳನ್ನು ನೋಡಿ, ಬಿಸಿಲೇರಿದ ಮೇಲೆ ಹಕ್ಕಿಗಳನ್ನು. ಮಂಗಳವಾರ ರಜೆ.

ರಾಣೆಬೆನ್ನೂರಿನ ಅಭಯಾರಣ್ಯದ ರೀತಿಯೇ ಬೇರೆ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಕೃಷ್ಣಮೃಗಗಳಿಗೆ ಬೇಲಿಯಿಲ್ಲ. ಅವು ಬಯಲಿಗೆ ಬಂದು ಮೇಯುವುದು ನಸುಕಿನಲ್ಲಿ ಮತ್ತು ಸಂಜೆ. ಹತ್ತು ಗಂಟೆಗೆ ತಲುಪಿದರೆ ನೀಲಗಿರಿ ಮರಗಳಷ್ಟೇ ಸಿಗುತ್ತವೆ. ಹಿಂದಿನ ದಿನವೇ ಅರಣ್ಯ ಇಲಾಖೆಯಲ್ಲಿ ಪ್ರವೇಶದ ಬಗ್ಗೆ ವಿಚಾರಿಸಿ, ದುರ್ಬೀನು ಒಯ್ಯಿರಿ. ವಾಹನದಿಂದ ಇಳಿದು ಹತ್ತಿರ ಹೋದಿರೋ, ಹಿಂಡು ಚಂಗನೆ ನೆಗೆದು ಮಾಯ. ಕಪ್ಪು ಮೈ, ತಿರುಚಿದ ಕೊಂಬಿನದು ಬಲಿತ ಗಂಡು. ಕಂದು ಬಣ್ಣದವು ಹೆಣ್ಣು ಮತ್ತು ಎಳೆಯ ಗಂಡುಗಳು. ಕೃಷ್ಣಮೃಗ ಓಡುವುದನ್ನು ನೋಡುವ ಸುಖ ಯಾವ ಮೃಗಾಲಯದಲ್ಲೂ ಇಲ್ಲ. ತಾಳ್ಮೆಯಿರುವ ಹತ್ತು ದಾಟಿದ ಮಕ್ಕಳಿಗೆ ನಮ್ಮ ಆಯ್ಕೆ ಇದೇ.

ಚಳಿಗಾಲದಲ್ಲಿ ಬಿಂಕದಕಟ್ಟಿಗೆ ಹೋಗುವವರು ಅದೇ ದಿನ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೂ ಸೇರಿಸಿಕೊಳ್ಳಿ. ಹಿಮಾಲಯದಾಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿರುತ್ತವೆ.