ಅಂಧೇರಿಯ ಎಡಿಟ್ ರೂಮಾ, ಮನೆಯ ಲ್ಯಾಪ್‌ಟಾಪಾ?

ಸ್ವಂತ ದುಡ್ಡಲ್ಲಿ ಕನ್ನಡ ಕಿರುಚಿತ್ರ ಮಾಡುವ ಮುಂಬೈನವರಿಗೆ ನಾನು ಹೇಳುವುದು ಒಂದೇ: ಕಟ್, ಅಂದರೆ ಸಂಕಲನ, ಮನೆಯಲ್ಲೇ ಮಾಡಿ. ನಾನು ಎರಡೂ ಮಾಡಿ ನೋಡಿದ್ದೇನೆ. ಮೊದಲು ಅಂಧೇರಿಯಲ್ಲಿ ಶಿಫ್ಟ್ ಲೆಕ್ಕದಲ್ಲಿ ಎಡಿಟ್ ರೂಮ್ ಹಿಡಿದೆ, ಎಡಿಟರ್ ಸಮೇತ. ಆಮೇಲೆ ಅದೇ ಫುಟೇಜನ್ನು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲಿ ಮೊದಲಿಂದ ಕಟ್ ಮಾಡಿದೆ.

ಚಿತ್ರ ಮಾಟುಂಗದ ಹೋಟೆಲೊಂದರ ಹಿರಿಯರದ್ದು. ಹುಡುಗನಾಗಿದ್ದಾಗಲೇ ಉಡುಪಿ ಕಡೆಯಿಂದ ಬಂದು, ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದವರು. ಒಂದು ಕಡೆ ಹೇಳುತ್ತಾರೆ: "ಊರಿಗೆ ವಾಪಸ್ ಹೋಗಬೇಕು ಅಂತ ನಂಗೆ..." ಕಾವಲಿ ಕಡೆ ನೋಡುತ್ತಾ ಸುಮಾರು ಹೊತ್ತು ಸುಮ್ಮನಿರುತ್ತಾರೆ. ಆಮೇಲೆ, "...ಒಂದು ದಿನವೂ ಅನ್ನಿಸಿದ್ದಿಲ್ಲ ಮಾರಾಯ್ರೆ."

ಎಡಿಟರ್‌ಗೆ ಕನ್ನಡ ಬರುತ್ತಿರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡು ಆ ಮೌನದಲ್ಲೇ ಕತ್ತರಿ ಹಾಕಿದರು. ಮುಂದೆ ಓಡುವ ರೈಲಿನ ಶಾಟ್, ಜೊತೆಗೆ ಕೊಳಲು. ಊರಿನ ಕಡೆ ತಿರುಗಿ ನೋಡದ ಮನುಷ್ಯ ಊರಿಗಾಗಿ ಕೊರಗುವವರಾಗಿಬಿಟ್ಟರು!

ಮಾತೆಲ್ಲವನ್ನೂ ಹಿಂದಿಯಲ್ಲಿ ಬರೆದು ಕೊಟ್ಟಿದ್ದೆ. ಆದರೆ ಹಾಳೆ ಮುಂದಿದ್ದರೆ ಸಾಕಾ, ವಾಕ್ಯ ಎಲ್ಲಿ ಮುಗಿಯುತ್ತೆ ಅಂತ ಕಿವಿಗೆ ತಿಳಿಯಬೇಕಲ್ವಾ? ಇಂಥ ಜಾಗ ಒಂದೆರಡಲ್ಲ. ಪ್ರತಿ ಕಟ್‌ಗೂ ಪಕ್ಕದಲ್ಲಿ ಕೂತು ಮರಾಠಿಯಲ್ಲಿ "ಥಾಂಬಾ, ಅಜೂನ್ ಆಹೇ" (ತಡೀರಿ, ಇನ್ನೂ ಇದೆ) ಅನ್ನುತ್ತಿದ್ದೆ. ಅಷ್ಟು ಹೊತ್ತೂ ಬಾಡಿಗೆ ಏರುತ್ತಲೇ ಇತ್ತು.

ಮನೆಯಲ್ಲಿ ಆ ಮೌನವನ್ನು ಪೂರ್ತಿ ಉಳಿಸಿಕೊಂಡೆ. ಮಾತು ಮುಗಿದ ಮೇಲೆ ರೈಲಿನ ಬದಲು ದೋಸೆ ಹೊಯ್ಯುವ ಕೈ ಇಟ್ಟೆ. ಅದೇ ಮುಖದಲ್ಲಿ ಈಗ ನೆಮ್ಮದಿ ಕಾಣುತ್ತದೆ. ರಷ್ಯಾದ ಚಿತ್ರ ನಿರ್ದೇಶಕ ಕುಲೆಶೋವ್ ಸುಮಾರು 100 ವರ್ಷಗಳ ಹಿಂದೆಯೇ ತೋರಿಸಿದ್ದು ಇದನ್ನೇ: ಮುಖ ಅದೇ ಇದ್ದರೂ ಪಕ್ಕದ ಶಾಟ್ ಬದಲಾದರೆ ನೋಡುವವರಿಗೆ ಕಾಣುವ ಭಾವ ಬದಲಾಗುತ್ತದೆ. ಹಾಲಿವುಡ್ ಸಂಕಲನಕಾರ ವಾಲ್ಟರ್ ಮರ್ಚ್ ಅಂತೂ ಒಳ್ಳೆಯ ಕಟ್‌ನಲ್ಲಿ ಭಾವಕ್ಕೆ ಶೇ. 51, ಕಥೆಗೆ ಶೇ. 23 ತೂಕ ಕೊಡುತ್ತಾರೆ. ಮಾತೇ ಅರ್ಥವಾಗದಿದ್ದರೆ ಭಾವ ಹಿಡಿಯುವುದು ಹೇಗೆ?

ವೇಗದಲ್ಲಿ ಎಡಿಟ್ ರೂಮೇ ಮುಂದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರಾಕ್ಸಿ, ಅಂದರೆ ಫುಟೇಜಿನ ಹಗುರ ನಕಲು, ಮಾಡಿಕೊಳ್ಳದೆ 4ಕೆ ವಿಡಿಯೊ ಓಡುವುದೇ ಇಲ್ಲ.

ಧ್ವನಿಯಲ್ಲೂ ಅದೇ. ಅಲ್ಲಿನ ಸ್ಪೀಕರ್‌ನಲ್ಲಿ ಕೇಳಿದ ಪಾತ್ರೆ ಸದ್ದು ನನ್ನ ಹೆಡ್‌ಫೋನ್‌ನಲ್ಲಿ ಕೇಳಿಸಿರಲೇ ಇಲ್ಲ. ಮರೀನ್ ಡ್ರೈವ್‌ನ ಸೂರ್ಯಾಸ್ತವನ್ನೂ ಆ ಎಡಿಟರ್ ಕಿತ್ತುಹಾಕಿದ್ದರು. ಸರಿಯಾಗೇ ಕಿತ್ತಿದ್ದರು, ನನ್ನ ಕಟ್‌ನಲ್ಲೂ ಅದಿಲ್ಲ.

ನನಗೆ ಹಗಲು ನೌಕರಿ. ರಾತ್ರಿ ಊಟ ಆದ ಮೇಲೆ ಕೂರುತ್ತೇನೆ. ಒಂದು ಸೀನ್ ಕಟ್ ಮಾಡಿ, ವಾರ ಬಿಟ್ಟು ನೋಡಿ, ಮತ್ತೆ ಬಿಚ್ಚುವುದು ನನ್ನ ಅಭ್ಯಾಸ. ಶಿಫ್ಟ್ ಬಾಡಿಗೆ ಕೊಟ್ಟು ಹೀಗೆಲ್ಲ ಮಾಡೋಕಾಗಲ್ಲ. ಮುಂದಿನ ಚಿತ್ರದ ಕಟ್ ಕೂಡ ಮನೆಯಲ್ಲೇ, ಉಳಿದ ದುಡ್ಡು ಸೌಂಡ್ ಮಿಕ್ಸಿಂಗ್‌ಗೆ. ಕನ್ನಡ ಬಲ್ಲ ಎಡಿಟರ್ ಸಿಕ್ಕರೆ ಮಾತ್ರ ಮತ್ತೆ ಎಡಿಟ್ ರೂಮ್ ಹಿಡಿಯುತ್ತೇನೆ.